ಕಲ್ಲಾಂಗಿನ ವಕೀಲರು ಮತ್ತು ಗುರುವಾರದ ರಾಹುಕಾಲ

ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಸಿಂಗಪುರದಲ್ಲಿ ನಾನು ಸಹಿ ಹಾಕಿದ ಎಲ್ಲ ಕರಾರುಪತ್ರಗಳಲ್ಲೂ ಈ ಶಾಸನ ಯಾವುದಾದರೊಂದು ಮೂಲೆಯಲ್ಲಿ ಕೂತೇ ಇತ್ತು. ಹೀಗಾಗಿ ಹನ್ನೊಂದು ವರ್ಷ, ನಾಲ್ಕು ಮನೆಗಳಲ್ಲಿ ನಮ್ಮ ದೇವರುಗಳು ಗೋಡೆಗೆ ಒರಗಿಕೊಂಡೇ ಕಾಲ ಹಾಕಿದ್ದಾರೆ. ಲಕ್ಷ್ಮಿ ಪುಸ್ತಕದ ಕಪಾಟಿನ ಮೇಲೆ, ವೆಂಕಟರಮಣ ಮೈಕ್ರೋವೇವಿನ ಮೇಲೆ. ಹಾಲು ಬಿಸಿ ಮಾಡಿದಾಗಲೆಲ್ಲ ಸ್ವಾಮಿ ಸಣ್ಣಗೆ ನಡುಗುತ್ತಾನೆ.

ನನ್ನ ಹೆಂಡತಿ ದೂರು ಹೇಳುವ ಪೈಕಿ ಅಲ್ಲ. ಕೇಳಿದ್ದು ಒಂದೇ. "ನಮ್ದು ಅಂತ ಒಂದು ಗೋಡೆ ಸಾಕು ರೀ. ಸುತ್ತಿಗೆ ತಗೊಂಡು ನಾನೇ ಮೊಳೆ ಹೊಡೀಬೇಕು."

ಆ ಗೋಡೆ ಬೆಡೋಕ್ ಎಂಬ ಬಡಾವಣೆಯಲ್ಲಿ ಸಿಕ್ಕಿತು. ಹಳೇ ಕಾಂಡೋ ಅಪಾರ್ಟ್‌ಮೆಂಟು, ಲಿಫ್ಟು ಯೋಚನೆ ಮಾಡಿ ಬಾಗಿಲು ತೆರೆಯುತ್ತಿತ್ತು, ಈಜುಕೊಳದಲ್ಲಿ ಎಲೆಗಳು ಮಾತ್ರ ಈಜುತ್ತಿದ್ದವು. ನಮ್ಮ ಯೋಗ್ಯತೆಗೆ ಹೊಂದುವ ಮನೆ. ಅಡುಗೆಮನೆಯ ಪಕ್ಕ ಪೂರ್ವಕ್ಕೆ ಮುಖಮಾಡಿ ದೇವರನ್ನಿಡಬಹುದಾದ ಒಂದು ಖಾಲಿ ಗೋಡೆಯಿತ್ತು. ಅವಳು ಅದರ ಮೇಲೆ ಅಂಗೈ ಇಟ್ಟು ತುಸು ಹೊತ್ತು ನಿಂತಳು. ಮನೆ ತೋರಿಸಲು ಬಂದ ಏಜೆಂಟು, ಗೋಡೆಯಲ್ಲಿ ತೇವ ಇದೆಯೋ ಎಂದು ನೋಡುತ್ತಿದ್ದಾಳೆಂದುಕೊಂಡು, "ನೋ ಲೀಕ್ ಮೇಡಮ್, ಗ್ಯಾರಂಟಿ," ಅಂದ.

ಇಲ್ಲಿ ಮನೆ ಕೊಳ್ಳುವ ಕ್ರಮ ಹೀಗೆ. ಮುಂಗಡವಾಗಿ ಒಂದಿಷ್ಟು ಕೊಟ್ಟರೆ ಮಾರುವವರು ಆಪ್ಷನ್ ಎಂಬ ಕಾಗದ ಕೊಡುತ್ತಾರೆ. ಎರಡು ವಾರ ಆ ಮನೆಯನ್ನು ಬೇರೆ ಯಾರಿಗೂ ಮಾರುವಂತಿಲ್ಲ. ಅಷ್ಟರೊಳಗೆ ನಾವು ವಕೀಲರ ಮುಂದೆ ಅದಕ್ಕೆ ಸಹಿ ಹಾಕಿ, ಬ್ಯಾಂಕಿನ ಚೆಕ್ಕಿನ ಜೊತೆ ಮಾರುವವರ ವಕೀಲರ ಕಚೇರಿಗೆ ತಲುಪಿಸಬೇಕು. ಕೊನೆಯ ದಿನ, ಸಂಜೆ ನಾಲ್ಕರ ಒಳಗೆ. ನಾಲ್ಕು ಹೊಡೆದ ಮೇಲೆ ಕಾಗದ ರದ್ದಿ, ಮುಂಗಡ ಅವರದು. ಇಷ್ಟು ಸರಳವಾದ ನಿಯಮವನ್ನು ಮೀರಲು ಪ್ರತಿಭೆ ಬೇಕು.

ವಕೀಲರನ್ನು ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ಅಥವಾ ನಾನೇ ಮೈಮೇಲೆ ಎಳೆದುಕೊಂಡೆ. ಏಜೆಂಟು ಒಬ್ಬ ವಕೀಲೆಯ ನಂಬರು ಕೊಟ್ಟ. ಎಲ್ಲ ಆನ್‌ಲೈನು, ಎರಡೇ ದಿನದಲ್ಲಿ ಮುಗಿಸಿ ಕೊಡುತ್ತಾರೆ ಅಂದ. ಏಜೆಂಟು ಹೇಳಿದವರನ್ನು ಹಿಡಿಯುವುದೆಂದರೆ ಗಂಡಿನ ಕಡೆಯ ಪುರೋಹಿತರಿಂದ ನಮ್ಮ ಹುಡುಗಿಯ ಜಾತಕ ನೋಡಿಸಿದ ಹಾಗೆ ಎಂದು ನಾನು ಗಂಭೀರವಾಗಿ ನಿರಾಕರಿಸಿದೆ. ಚಾಂಗಿ ಬಿಸಿನೆಸ್ ಪಾರ್ಕಿನ ನನ್ನ ಆಫೀಸಿನ ಕ್ಯಾಂಟೀನಿನಲ್ಲಿ ನಾಲ್ಕು ಜನ ಕನ್ನಡಿಗರನ್ನು ವಿಚಾರಿಸಿದೆ. ಅವರಲ್ಲೊಬ್ಬರು ದನಿ ತಗ್ಗಿಸಿ, "ಕಲ್ಲಾಂಗ್‌ನಲ್ಲಿ ಒಬ್ರು ಹಿರಿಯರಿದ್ದಾರೆ ಸಾರ್. ಅವರ ಅಜ್ಜಿ ಕೋಲಾರದ ಕಡೆಯೋರು. ಆಲ್ಮೋಸ್ಟ್ ನಮ್ಮೋರೇ," ಅಂದರು.

ಆ 'ಆಲ್ಮೋಸ್ಟ್' ನನಗೆ ಸಾಕಾಯಿತು.

ಅವರ ಕಚೇರಿ ಒಂದು ಟೈರು ಅಂಗಡಿಯ ಮೇಲಿತ್ತು. ಕಡತಗಳನ್ನು ಕೆಂಪು ಟೇಪಿನಿಂದ ಕಟ್ಟಿ ನೆಲದಿಂದ ಕಿಟಕಿಯವರೆಗೆ ಪೇರಿಸಿದ್ದರು. ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. "ಬನ್ನಿ ಸಾರ್, ಬನ್ನಿ ಅಮ್ಮಾ, ಕೂತ್ಕೊಳ್ಳಿ, ಕಾಫಿ ಕುಡೀರಿ," ಎಂದು ಅವರು ಅಜ್ಜಿಯಿಂದ ಬಂದ ಕನ್ನಡವನ್ನೆಲ್ಲ ಒಂದೇ ಉಸಿರಿಗೆ ಖರ್ಚು ಮಾಡಿದರು, ಮುಂದಿನದೆಲ್ಲ ಇಂಗ್ಲಿಷು. ಆ ಕೋಣೆಯಲ್ಲಿ ಹಳೇ ಕಾಗದದ ವಾಸನೆಯಿತ್ತು. ಹಳೇ ಕಾಗದ ಮೂಸಿದರೆ ನ್ಯಾಯ ಹತ್ತಿರದಲ್ಲೇ ಇದೆ ಎಂದು ನಂಬುವ ತಲೆಮಾರು ನನ್ನದು. ಅಲ್ಲೇ ಒಪ್ಪಿಬಿಟ್ಟೆ.

ಇಳಿಯುವಾಗ ಹೆಂಡತಿ ಕೇಳಿದಳು: "ಅವರಿಗೆ ಈಮೇಲ್ ಇದೆಯಾ?"

"ಲೆಟರ್‌ಹೆಡ್ ಮೇಲೆ ಇದೆ."

"ನೋಡ್ತಾರಾ?"

"ಅಷ್ಟು ದೊಡ್ಡವರನ್ನ ಅದೆಲ್ಲ ಕೇಳಕ್ಕಾಗುತ್ತಾ?"

ಆಮೇಲೆಯೂ ಕೇಳಲಿಲ್ಲ. ಹಿರಿಯರಿಗೆ ಪದೇ ಪದೇ ಫೋನು ಮಾಡಬಾರದು, ಅವರು ಕರೆದಾಗ ಹೋಗಬೇಕು ಎಂಬ ನಮ್ಮ ಮನೆತನದ ವಿನಯವನ್ನು ಒಂದು ವಾರ ಪೂರ್ತಿ ಪಾಲಿಸಿದೆ. ಸಾಲದ ಮಂಜೂರಾತಿ ಎರಡನೇ ವಾರದ ಸೋಮವಾರ ಬ್ಯಾಂಕಿನಿಂದ ಬಂತು. ಮಂಗಳವಾರ ಸಹಿ ಹಾಕೋಣವೇ ಎಂದು ಕೇಳಿದ್ದಕ್ಕೆ ವಕೀಲರು, "ನೋ ಟ್ಯೂಸ್‌ಡೇ," ಅಂದರು. ಬುಧವಾರ ಅಮಾವಾಸ್ಯೆ. ಉಳಿದದ್ದು ಗುರುವಾರ. ಅದೇ ಕೊನೆಯ ದಿನ, ಆದರೆ ದಿನ ಒಳ್ಳೆಯದು. ಬೆಳಿಗ್ಗೆ ಅವರಿಗೆ ಬೇರೆ ಕೆಲಸ. ಒಂದೂವರೆಯಿಂದ ಮೂರರವರೆಗೆ ರಾಹುಕಾಲ. "ಮೂರಕ್ಕೆ ಸರಿಯಾಗಿ ಸಹಿ ಹಾಕಿ. ನಮ್ಮ ಕ್ಲರ್ಕ್ ಟ್ಯಾಕ್ಸಿಯಲ್ಲಿ ತಗೊಂಡು ಹೋಗ್ತಾರೆ. ಇಪ್ಪತ್ತು ನಿಮಿಷದ ದಾರಿ."

ಈ ವ್ಯವಸ್ಥೆಯಲ್ಲಿ ದೋಷವಿರಲಿಲ್ಲ. ದೋಷ ಎರಡೂಮುಕ್ಕಾಲಕ್ಕೆ ಅಲ್ಲಿಗೆ ಬಂದು ಕುರ್ಚಿಯಲ್ಲಿ ಕೂತಿತು. ಅದು ನಾನು.

ಸುಮ್ಮನೆ ಕೂರಲಾರದೆ ಕ್ಯಾಲೆಂಡರು ಓದಿದೆ. 'ರಾಹುಕಾಲ: ೧.೩೦–೩.೦೦.' ಬೆಳಿಗ್ಗೆ ಆರಕ್ಕೆ ಸೂರ್ಯ ಹುಟ್ಟುತ್ತಾನೆಂದು ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಇಲ್ಲಿ ಸೂರ್ಯ ಆಫೀಸಿನವರ ಜೊತೆ ಏಳಕ್ಕೆ ಏಳುತ್ತಾನೆ. ಹಾಗಾದರೆ ಒಂದು ಗಂಟೆ ಮುಂದಕ್ಕೆ ಹೋಗಬೇಕಲ್ಲವೇ? ಎರಡೂವರೆಯಿಂದ ನಾಲ್ಕು. ಬೆರಳು ಮಡಚಿ ಇನ್ನೊಮ್ಮೆ ಎಣಿಸಿದೆ. ನಾಲ್ಕೇ ಬಂತು.

"ನೋಡಿದ್ಯಾ? ಇವರ ಕ್ಯಾಲೆಂಡರ್ ತಪ್ಪು. ರಾಹುಕಾಲ ಮೂರಕ್ಕೆ ಮುಗಿಯಲ್ಲ, ನಾಲ್ಕರವರೆಗೂ ಇರುತ್ತೆ," ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದೆ.

"ನಿಮಗೆ ಇದರಲ್ಲೆಲ್ಲ ಯಾವತ್ತಿಂದ ನಂಬಿಕೆ?"

"ನಂಬಿಕೆ ಇಲ್ಲ ಕಣೇ. ಆದ್ರೆ ನೋಡೋದಾದ್ರೆ ಲೆಕ್ಕ ಕರೆಕ್ಟಾಗಿ ನೋಡ್ಬೇಕಲ್ವಾ."

"ರೀ, ಕೈ ಮುಗೀತೀನಿ. ಬಾಯಿ ಮುಚ್ಕೊಂಡು ಸೈನ್ ಹಾಕಿ."

ಇದು ನನಗೆ ಈ ಜನ್ಮದಲ್ಲಿ ಸಿಕ್ಕ ಅತ್ಯುತ್ತಮ ಕಾನೂನು ಸಲಹೆ. ಫೀಸೂ ಇರಲಿಲ್ಲ.

ಮೂರಕ್ಕೆ ಸರಿಯಾಗಿ ವಕೀಲರು ಒಳಗೆ ಕರೆದರು. ಕಾಗದ ಹರಡಿ, ಪೆನ್ನಿನ ಮುಚ್ಚಳ ತೆಗೆದು, "ರಾಹು ಹೋದ, ಈಗ ನಿಶ್ಚಿಂತೆ," ಎಂದು ನಕ್ಕರು. ಆಗ ನಾನು ಬಾಯಿ ಬಿಟ್ಟೆ. ಆಕ್ಷೇಪಣೆಯಲ್ಲ, ಕೇವಲ ಒಂದು ಸ್ವಾರಸ್ಯಕರ ಅಂಶ ಎಂಬಂತೆ ಸೂರ್ಯೋದಯದ ವಿಷಯ ಹೇಳಿದೆ.

ಅವರ ನಗು ನಿಂತಿತು. ಕ್ಯಾಲೆಂಡರು ನೋಡಿದರು, ಕಿಟಕಿ ನೋಡಿದರು. "ಇಷ್ಟು ವರ್ಷವೂ ಇದೇ ಟೈಮ್ ನೋಡಿ ಸಹಿ ಮಾಡಿಸಿದ್ದೇನೆ," ಅಂದರು. ಆ ದನಿಯಲ್ಲಿ ಅಷ್ಟೂ ಕಡತಗಳು ಒಟ್ಟಿಗೆ ಕುಸಿದ ಸದ್ದಿತ್ತು. ಯಾವ್ಯಾವ ಮನೆಗಳು ನೆನಪಾದವೋ, ಯಾರ್ಯಾರ ಜಗಳ, ವಿಚ್ಛೇದನ ಈಗ ಅರ್ಥವಾದವೋ! ಪೆನ್ನಿನ ಮುಚ್ಚಳ ಹಾಕಿದರು. "ಒಂದು ನಿಮಿಷ. ದೇವಸ್ಥಾನದ ಅರ್ಚಕರನ್ನು ಕೇಳುತ್ತೇನೆ."

ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕಿರುತ್ತದೆ. ಅರ್ಚಕರು ಮಲಗಿರುತ್ತಾರೆ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಇನ್ನೊಬ್ಬ ಅರ್ಚಕರು ಎತ್ತಿದರು. ಅವರು ಸೂರ್ಯೋದಯವೇ ಪ್ರಮಾಣ ಅಂದರು. ಮೂರನೆಯವರು ವಾಡಿಕೆಯೇ ಪ್ರಮಾಣ ಅಂದರು. ನನ್ನ ಹೆಂಡತಿ ಎದ್ದು ನಿಂತಳು. "ಸಾರ್, ಪ್ಲೀಸ್, ನಮಗೆ ಮನೆ ಬೇಕು. ರಾಹುಕಾಲ ಆದ್ರೂ ಪರ್ವಾಗಿಲ್ಲ."

"ಅಮ್ಮಾ, ನಿಮ್ಮ ಒಳ್ಳೇದಕ್ಕೇ," ಅಂದರು ವಕೀಲರು. ಅಷ್ಟು ಇಂಗ್ಲಿಷಿನ ನಡುವೆ ಅವರ ಎರಡನೆಯ ಕನ್ನಡ ವಾಕ್ಯ. ನಿಜವಾದ ಕಾಳಜಿಯಿಂದಲೇ ಅಂದರು. ಅದೇ ತೊಂದರೆ, ಫೀಸಿಗೆ ಕೆಲಸ ಮಾಡುವವರಾಗಿದ್ದರೆ ಅಷ್ಟು ಹೊತ್ತಿಗೆ ಮುಗಿಸಿರುತ್ತಿದ್ದರು.

ಕ್ಲರ್ಕು ಅರವತ್ತು ದಾಟಿದ ಚೀನೀ ಆಂಟಿ. ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನನ್ನೇ ನೋಡಿ, "ಅಂಕಲ್, ಫೋರ್ ಓ ಕ್ಲಾಕ್ ಮೀನ್ಸ್ ಫೋರ್ ಓ ಕ್ಲಾಕ್ ಲಾ. ಯುವರ್ ಗಾಡ್ ಕ್ಯಾನ್ ವೇಟ್. ಲಾಯರ್ ಕೆನಾಟ್," ಎಂದು ಈ ಊರಿನ ಇಂಗ್ಲಿಷಿನಲ್ಲಿ ಹೇಳಿದರು. ಇಡೀ ಪ್ರಕರಣದಲ್ಲಿ ವಕೀಲಿಕೆ ಬಲ್ಲವರು ಅವರೊಬ್ಬರೇ.

ಕೊನೆಗೆ ನನ್ನ ಹೆಂಡತಿ ಮೇಜಿನ ಮೇಲಿಂದ ಪೆನ್ನು ಕಸಿದುಕೊಂಡು ಸಹಿ ಹಾಕಿದಳು. ನನ್ನ ಕೈಗೆ ತುರುಕಿದಳು. ನಾನೂ ಹಾಕಿದೆ. ಗಡಿಯಾರದಲ್ಲಿ ಮೂರು ಮೂವತ್ತೈದು. ಆಂಟಿ ಲಕೋಟೆ ಎದೆಗವಚಿಕೊಂಡು ಮೆಟ್ಟಿಲು ಇಳಿದರು. ಇಳಿದದ್ದೇ ಮಳೆ ಬಂತು. ಮಳೆ ಬಂದರೆ ಈ ಊರಿನಲ್ಲಿ ಟ್ಯಾಕ್ಸಿಗಳು ಸಂನ್ಯಾಸ ಸ್ವೀಕರಿಸುತ್ತವೆ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆಂಟಿಯ ಫೋನು ಬಂತು. ಮಾರುವವರ ವಕೀಲರ ಕೌಂಟರಿಗೆ ತಲುಪಿದಾಗ ನಾಲ್ಕು ಗಂಟೆ ಆರು ನಿಮಿಷ. ಅಲ್ಲಿನ ಹುಡುಗಿ ಲಕೋಟೆ ತೆಗೆದುಕೊಂಡು, ತಲುಪಿದ ಹೊತ್ತಿನ ಮುದ್ರೆ ಒತ್ತಿ, ಮರ್ಯಾದೆಯಿಂದ ವಾಪಸು ಕೊಟ್ಟಳಂತೆ. ಮಾರನೇ ದಿನ ನಮ್ಮ ವಕೀಲರು ಕಾಗದ ಬರೆದು ವಿನಂತಿಸಿದರು. ಮಾರುವವರು ಒಪ್ಪಲಿಲ್ಲ, ಅಷ್ಟರಲ್ಲಿ ಹೆಚ್ಚಿಗೆ ಕೊಡುವವರು ಸಿಕ್ಕಿದ್ದರು. ಮುಂಗಡ ಹೋಯಿತು. ಅದು ದೊಡ್ಡದಲ್ಲ ಎಂದು ಹೇಳಿಕೊಳ್ಳಲು ಒಂದು ವರ್ಷ ಬೇಕಾಯಿತು. ಮತ್ತೊಂದು ಮನೆ ನೋಡುವಷ್ಟರಲ್ಲಿ ಬೆಲೆಗಳು ನಮ್ಮ ವಯಸ್ಸಿಗಿಂತ ಬೇಗ ಏರಿದ್ದವು, ಸಾಲದ ಅವಧಿ ನನ್ನ ವಯಸ್ಸಿನಿಂದಾಗಿ ಇಳಿದಿತ್ತು. ಬ್ಯಾಂಕಿನವನು ಲೆಕ್ಕ ತೋರಿಸಿದ. ಅದು ಸರಿಯಾಗಿತ್ತು, ನಾನು ಎರಡು ಸಲ ನೋಡಿದೆ.

ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರಕ್ಕೆ ಎರಡು ವಾದ ಸಿದ್ಧವಿದ್ದವು, ಇನ್ನೂ ಇವೆ. ಒಂದು ಭಾನುವಾರ ಬೆಡೋಕಿನ ಮಾರ್ಕೆಟ್ಟಿನಿಂದ ಬರುವಾಗ ಆ ಕಟ್ಟಡದ ಮುಂದಿನಿಂದ ಬಸ್ಸು ಹಾಯಿತು. ಅವಳು ಚೀಲದಲ್ಲಿ ಕರಿಬೇವು ಇದೆಯೇ ಎಂದು ಹುಡುಕುತ್ತ ತಲೆ ಎತ್ತಲಿಲ್ಲ. ಕರಿಬೇವು ಮೇಲೆಯೇ ಇತ್ತು.

ವಕೀಲರು ಫೀಸು ತೆಗೆದುಕೊಳ್ಳಲಿಲ್ಲ. ಕಡತವನ್ನು ಕೆಂಪು ಟೇಪಿನಲ್ಲಿ ಕಟ್ಟಿ ಮನೆಗೇ ಕಳುಹಿಸಿದರು. ಹೊಸ ವರ್ಷಕ್ಕೆ ಒಂದು ಕ್ಯಾಲೆಂಡರೂ ಬಂತು. ಗುರುವಾರದ ಹಾಳೆಗಳಲ್ಲಿ ಅವರೇ ಕೆಂಪು ಶಾಯಿಯಲ್ಲಿ ಒಂದೂವರೆಯನ್ನು ಹೊಡೆದುಹಾಕಿ ಎರಡೂವರೆ ಎಂದು ತಿದ್ದಿದ್ದರು. ಐವತ್ತೆರಡು ಗುರುವಾರ, ಒಂದನ್ನೂ ಬಿಡದೆ. ನೇತುಹಾಕಲು ಮೊಳೆಯಿಲ್ಲ. ವೆಂಕಟರಮಣನ ಪಕ್ಕದಲ್ಲಿ ಒರಗಿಸಿಟ್ಟೆವು.

ಕಳೆದ ತಿಂಗಳು ಮನೆ ಮಾಲೀಕರು ಕರಾರು ನವೀಕರಣಕ್ಕೆ ಕಾಗದ ತಂದರು. ಎರಡು ವರ್ಷ, ಮೊಳೆ ನಿಷಿದ್ಧ. ಅವರು ಸೋಫಾದ ಮೇಲೆ ಕಾಯುತ್ತಿದ್ದರು. ಹೆಂಡತಿ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು, ನಿಂತಲ್ಲೇ ಸಹಿ ಹಾಕಿದಳು. ನನ್ನ ಕಣ್ಣು ತಾನಾಗಿ ಕ್ಯಾಲೆಂಡರಿನ ಕಡೆ ಹೋಗಿದ್ದನ್ನು ಅವಳು ನೋಡಿದಳು.

"ಬಾಡಿಗೆ ಮನೆಗೆ ಯಾವ ರಾಹುಕಾಲ ರೀ," ಅಂದಳು. "ಹಾಕಿ."

ಹಾಕಿದೆ.