ಬನಹಟ್ಟಿ ದಾರಿ ಹಿಡಿದ ತಮ್ಮ

ನಾನು ಚಿಕ್ಕವಳಿದ್ದಾಗ ನನ್ನ ಕಾಲಿಗೆ ಒಂದು ಕಡೆ ನಿಲ್ಲುವುದು ಗೊತ್ತೇ ಇರಲಿಲ್ಲ. ನಮ್ಮ ರಬಕವಿಯ ಓಣಿಗಳೂ ನಡೆಯುವವರಿಗಾಗಿಯೇ ಮಾಡಿದಂತಿದ್ದವು. ಎರಡು ಎತ್ತಿನ ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕು, ಅಷ್ಟು ಇಕ್ಕಟ್ಟು. ಎರಡೂ ಬದಿಗೆ ಕಟ್ಟೆಗಳು, ಕಿಟಕಿಗಳಿಂದ ಮಗ್ಗದ ಖಟ್‌ಖಟ್ ಸದ್ದು, ಗಾಳಿಯಲ್ಲಿ ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ.

ಆ ದಿನ ಅಪ್ಪ ನೇಯ್ದ ಸೀರೆಗಳ ಗಂಟು ಹೊತ್ತು ಪಕ್ಕದೂರು ಬನಹಟ್ಟಿಗೆ ನಡೆದು ಹೋಗಿದ್ದ. ಅವ್ವ ಮಗ್ಗಕ್ಕೆ ಕೂರುವ ಮೊದಲು, "ತಮ್ಮನ್ನ ನೋಡ್ಕೋಬೇ, ಎಲ್ಲೂ ಹೋಗಬ್ಯಾಡ" ಎಂದಿದ್ದಳು. ತಮ್ಮನಿಗೆ ಮೂರು ವರ್ಷ. ಹಿಂದಿನ ಓಣಿಯಲ್ಲಿ ನಾಯಿ ಮರಿ ಹಾಕಿದೆಯೆಂದು ಯಾರೋ ಹೇಳಿದ್ದರು. ಒಂದೇ ಗಳಿಗೆ ನೋಡಿ ಬಂದರಾಯಿತೆಂದು ತಮ್ಮನನ್ನು ಹೊಸ್ತಿಲ ಮೇಲೆ ಕೂರಿಸಿ ಓಡಿದೆ. ಐದು ಮರಿಗಳಿದ್ದವು. ಒಂದರ ಕಣ್ಣು ಆಗಷ್ಟೇ ಬಿಡುತ್ತಿತ್ತು. ತಿರುಗಿ ಬಂದಾಗ ಹೊಸ್ತಿಲ ಮೇಲೆ ತಮ್ಮನಿರಲಿಲ್ಲ.

ಮೊದಲು ಓಣಿಯ ಕೊನೆಯಲ್ಲಿದ್ದ ಬಾವಿಗೆ ಓಡಿದೆ. ಬಗ್ಗಿ ನೋಡಿದರೆ ನೀರು ಅಲುಗದೆ ನಿಂತಿತ್ತು. ಸಮಾಧಾನಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ.

"ತಮ್ಮನ್ನ ಹುಡಕಾಕತ್ತೀ ಏನ?" ಎದುರುಮನೆಯ ಕಾಕಾ ಮಗ್ಗದಿಂದ ಏಳದೆಯೇ ಕಿಟಕಿಯಿಂದ ಕೂಗಿದ. "ಅಪ್ಪಾ ಅಪ್ಪಾ ಅನ್ಕೋತ ಹಿಂಗs ಹೋದ ನೋಡು."

ಮುಂದಿನ ಓಣಿಯಲ್ಲಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಮುದುಕಿ ತನ್ನ ಮುಂಗೈ ಚಾಚಿದಳು. ಅದರ ಮೇಲೆ ಪುಟ್ಟ ಹಲ್ಲಿನ ಗುರುತು. "ಹಿಡ್ಯಾಕ ಹೋದ್ರ ಕಡದು ಓಡಿದ್ನವ್ವಾ! ಬನಹಟ್ಟಿ ದಾರಿ ಹಿಡದಾನ, ಲಗೂನ ಓಡು."

ಓಡಿದೆ. ಮನೆಗಳು ಮುಗಿದವು, ಕಟ್ಟೆಗಳೂ ಮುಗಿದವು. ಎದುರಿಗೆ ಬಿಸಿಲಲ್ಲಿ ಬೆಳ್ಳಗೆ ಬಿದ್ದಿದ್ದ ಬಯಲು ರಸ್ತೆ. ಕೇಳೋಣವೆಂದರೆ ಒಬ್ಬರೂ ಇಲ್ಲ. ಅಲ್ಲಿ ನನ್ನ ಕಾಲುಗಳು ತಾವಾಗಿಯೇ ನಿಂತುಬಿಟ್ಟವು.

ಆಗ ದೂರದಲ್ಲಿ ತಲೆಯ ಮೇಲೆ ಬದನೆಕಾಯಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕಂಡಳು. ಅವಳ ಸೊಂಟದ ಮೇಲೆ ನನ್ನ ತಮ್ಮ! ಮೂಗು ಸುರಿಸುತ್ತ, ಎಳೆ ಬದನೆಕಾಯಿಯೊಂದನ್ನು ಕಚ್ಚುತ್ತ ಕೂತಿದ್ದ.

"ನಿನ್ನ ತಮ್ಮೇನs ಇಂವ? ಊರಾಗ ಕಟ್ಟಿ ಕಟ್ಟಿಗೆ ಕೇಳಿದ್ರ ಯಾರರ ಗುರ್ತ ಹಿಡೀತಾರಂತ ಹೊತ್ಕೊಂಡ ಬಂದೆ" ಎಂದು ಆಕೆ ಅವನನ್ನು ಇಳಿಸಿದಳು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವ್ವ ಹೊಡೆಯಲಿಲ್ಲ. ತಮ್ಮನನ್ನು ಎತ್ತಿಕೊಂಡು ಒಳಗೆ ಹೋದಳು, ನನ್ನತ್ತ ನೋಡಲಿಲ್ಲ. ಸಂಜೆ ಅಪ್ಪ ಚುರಮುರಿ ತಂದ. ನಾನು ಅದನ್ನು ಮುಟ್ಟದೆ, ಅಳುತ್ತ ಎಲ್ಲ ಹೇಳಿದೆ. ಅಪ್ಪ, "ಊರಿಗೂರs ಅವನ್ನ ನೋಡ್ಕೊಂಡೈತಿ. ನೀನೊಬ್ಬಾಕಿ ನೋಡ್ಲಿಲ್ಲ ನೋಡವಾ" ಎಂದ. ಹೊಡೆದಿದ್ದರೇ ವಾಸಿಯಿತ್ತು.

ಮೊಮ್ಮಕ್ಕಳೇ, ಈಗ ನಾವಿರುವುದು ಮುಧೋಳದ ಹೊಸ ಬಡಾವಣೆಯಲ್ಲಿ. ರಸ್ತೆ ಎಷ್ಟೊಂದು ಅಗಲ! ಆದರೆ ಕಾಲಿಡಲು ಜಾಗವಿಲ್ಲ. ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ಗೇಟಿಗೆ ಉಜ್ಜಿಕೊಂಡೇ ಹೋಗುತ್ತವೆ. ಕಟ್ಟೆಗಳಿರಬೇಕಾದಲ್ಲಿ ಎತ್ತರದ ಕಂಪೌಂಡು ಗೋಡೆಗಳು. ಮೊನ್ನೆ ನಿಮ್ಮಲ್ಲಿ ಒಬ್ಬ ಹೇಳದೆ ಕೇಳದೆ ರಸ್ತೆ ದಾಟಿ ಪೆನ್ಸಿಲ್ ತರಲು ಹೋದಾಗ ನಾನು ಗೇಟಿನಿಂದ ಗೇಟಿಗೆ ಓಡಿದೆ. ಬಡಿದರೂ ಯಾರೂ ತೆರೆಯಲಿಲ್ಲ. ತೆರೆದ ಒಬ್ಬರಿಗೆ ನಮ್ಮ ಹುಡುಗ ಯಾರೆಂದೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವನೇ ಪೆನ್ಸಿಲ್ ಹಿಡಿದು ಬಂದು, "ಯಾಕಜ್ಜಿ, ಅಳಾಕತ್ತೀ?" ಎಂದ.

ಮರುದಿನದಿಂದ ನೀವು ಸಾಲಿ ಬಿಟ್ಟು ಬರುವ ಹೊತ್ತಿಗೆ ನಾನು ಗೇಟಿನ ಹೊರಗೆ ಖುರ್ಚಿ ಹಾಕಿಕೊಂಡು ಕೂರುತ್ತೇನೆ. ನಿಮಗೆ ನಾಚಿಕೆಯಂತೆ. ಆಗಲಿ. ಈ ರಸ್ತೆಯಲ್ಲಿ ಬರುವ ಹನ್ನೊಂದು ಮಕ್ಕಳ ಹೆಸರು ಈಗ ನನಗೆ ಬಾಯಿಪಾಠ.