ಗ್ರೂಪ್ ಫೋಟೋದ ನಡುವಿನ ಜಾಗ

ತಳಕಿನ ಹತ್ತಿರದ ಹೈಸ್ಕೂಲಿಗೆ ಎಸ್ಸೆಸ್ಸೆಲ್ಸಿ ಮಕ್ಕಳ ಗ್ರೂಪ್ ಫೋಟೋ ತೆಗೆಯಲು ಹೋಗಿದ್ದೆ. ರೀಲಿನಲ್ಲಿ ಉಳಿದಿದ್ದು ಒಂದೇ ಫೋಟೋ. ಹುಡುಗರು ಆ ಕಡೆ, ಹುಡುಗಿಯರು ಈ ಕಡೆ ನಿಂತು, ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಟ್ಟಿದ್ದರು. ಕ್ಯಾಮೆರಾಕ್ಕೆ ಎರಡೂ ತುದಿ ಸಿಗುತ್ತಿರಲಿಲ್ಲ. "ಹತ್ತಿರ ಬನ್ರಪ್ಪಾ" ಅಂದರೆ ಎಲ್ಲರೂ ನೆಲ ನೋಡಿದರು. "ಹಿಂಗಾದ್ರೆ ಫೋಟೋನೇ ಬೇಡ" ಎಂದು ಹೆಡ್‌ಮಾಸ್ಟರು ದೂರದಿಂದಲೇ ರೇಗಿದರು.

ಹುಡುಗಿಯರ ಸಾಲಿನಿಂದ ಕುರಿ ಕಾಯುವವರ ಮನೆಯ ಬೋರಮ್ಮ ಮುಂದೆ ಬಂದಳು. "ಬೈದ್ರೆ ಇವು ಕೂಡಲ್ಲ ಸಾರ್, ತಡೀರಿ" ಅಂದವಳೇ, ಚದುರಿದ ಕುರಿಗಳನ್ನು ಒಟ್ಟು ಮಾಡುವ ಕೂಗನ್ನು ಗಂಟಲೆತ್ತಿ ಹಾಕಿದಳು. ಹುಡುಗರ ಸಾಲಿನಿಂದ ಯಾರೋ "ಬ್ಯಾ" ಅಂದ. ನಗು ಹತ್ತಿಕೊಂಡಿತು. ಒಬ್ಬರ ಮೇಲೊಬ್ಬರು ಬೀಳುತ್ತ ಎಲ್ಲರೂ ಒಂದಾದರು. ಹೆಡ್‌ಮಾಸ್ಟರೂ ತಮಗೇ ತಿಳಿಯದಂತೆ ಬಂದು ಸೇರಿಕೊಂಡರು. ಬೋರಮ್ಮ ಓಡಿಹೋಗಿ ನಡುವೆ ನಿಂತಳು, ನಾನು ಕ್ಲಿಕ್ಕಿಸಿದೆ.

ಹೊರಡುವಾಗ ಅವಳನ್ನು ಕೇಳಿದೆ, "ಮುಂದೆ ಓದ್ತೀಯೇನವ್ವಾ?"

"ಹೂಂ ಸಾರ್, ಚಳ್ಳಕೆರೆ ಕಾಲೇಜಿಗೆ ಹೋಗ್ತೀನಿ. ಕುರಿ ಹೆಂಗೂ ಅಪ್ಪನ ಮಾತು ಕೇಳ್ತಾವೆ. ಇವ್ರನ್ನ ಕಾಯೋಕೆ ಯಾರಾದ್ರೂ ಬೇಕಲ್ಲ!"

ಈಗ ಮದುವೆ ಮನೆಗಳಲ್ಲಿ ಬೀಗರು ಎರಡು ಗುಂಪಾಗಿ ಮುಖ ಬಿಗಿದುಕೊಂಡು ನಿಂತಾಗೆಲ್ಲ ಆ ಕೂಗು ನನ್ನ ಗಂಟಲವರೆಗೂ ಬರುತ್ತದೆ. ಹಾಕುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.