ಬಿದರಿ ಹುಕ್ಕಾದ ಬೂದು ಮಚ್ಚೆ

ಅವರ ಬಲಗೈಯ ಉಂಗುರದ ಬೆರಳಿನಲ್ಲಿ ಒಂದು ಬಿಳಿ ಗೆರೆ ಇತ್ತು, ಉಂಗುರ ಇರುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಉಗ್ರಾಣದ ಬೀಗ ತೆಗೆಯುವ ಮೊದಲು ಅದನ್ನು ಬಿಚ್ಚಿ, ಸೇಫ್ಟಿ ಪಿನ್ನಿಗೆ ಪೋಣಿಸಿ, ಅಂಗಿ ಜೇಬಿನ ಒಳಗಡೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೈಗಡಿಯಾರ ಮೇಜಿನ ಡ್ರಾಯರಿಗೆ ಹೋಗುತ್ತಿತ್ತು. ಬೆಲ್ಟ್ ಅಂತೂ ಕಟ್ಟುತ್ತಲೇ ಇರಲಿಲ್ಲ. ಸುಲ್ತಾನ್ ಬಜಾರಿನ ದರ್ಜಿಯೊಬ್ಬನಿಂದ ಪ್ಯಾಂಟಿಗೆ ಲಾಡಿ ಹೊಲಿಸಿಕೊಂಡಿದ್ದರು. ಇಸ್ತ್ರಿ ಮಾಡಿದ ಪ್ಯಾಂಟಿಗೆ ಲಾಡಿ! ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಹೈದರಾಬಾದಿನ ನಮ್ಮ ಪುಟ್ಟ ಮ್ಯೂಸಿಯಮ್ಮಿನ ಉಗ್ರಾಣ ನೋಡಿಕೊಳ್ಳುತ್ತಿದ್ದವರು ಅವರು. ಬೀದರಿನವರು. ವಾಚ್‌ಮನ್‌ನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವರು ಸ್ಟೋರ್‌ಸಾಬ್. ನಾನು ಓದು ಮುಗಿಸಿ ಗುತ್ತಿಗೆಯ ಮೇಲೆ ಅಲ್ಲಿಗೆ ಸೇರಿದವಳು. ಅಪ್ಪ ರಕ್ಷಣಾ ಕಾರ್ಖಾನೆಯ ಕೆಲಸಕ್ಕೆಂದು ಕಲಬುರಗಿಯಿಂದ ಬಂದು ಇಲ್ಲೇ ನಿಂತಿದ್ದರಿಂದ ಕನ್ನಡ ನಮಗೆ ಮನೆಯೊಳಗಿನ ಮಾತಾಗಿತ್ತು. ಮೊದಲ ದಿನವೇ ಅವರು, "ಯಾವ ಕಡೆಯಾಕಿ ತಂಗಿ?" ಎಂದು ಕೇಳಿದಾಗ ಹೊಸ ಕೆಲಸದ ನಡುಕ ಅರ್ಧ ಇಳಿಯಿತು. ಉಳಿದರ್ಧ ಇಳಿಯಲೇ ಇಲ್ಲ. ನಾನು ಮೊದಲಿನಿಂದಲೂ ಪುಕ್ಕಲಿ.

ಕಪಾಟು ತೆರೆದ ಕೂಡಲೇ ಅವರು ಕಣ್ಣು ಹಾಯಿಸುತ್ತಿರಲಿಲ್ಲ, ಮೂಗು ಒಳಗಿಡುತ್ತಿದ್ದರು. "ಬೂಸು ಮದಲು ಮೂಗಿಗೆ ಸಿಗ್ತದ, ಆಮ್ಯಾಲ ಕಣ್ಣಿಗೆ" ಎನ್ನುತ್ತಿದ್ದರು. ಯಾವ ವಸ್ತುವನ್ನು ಎತ್ತುವಾಗಲೂ ಜೋರಾಗಿ "ಎತ್ತಾಕತ್ತೀನಿ" ಎಂದು ಹೇಳಿ, ಇಟ್ಟ ಮೇಲೆ "ಇಟ್ಟೆ" ಎನ್ನುವುದು ಅವರ ರೂಢಿ. ಸುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ ಹೇಳುತ್ತಿದ್ದರು. ಇನ್ನೊಂದು ಕಟ್ಟುನಿಟ್ಟು ಅವರ ದಪ್ಪ ರಿಜಿಸ್ಟರಿನದು. ಪ್ರತಿ ವಸ್ತುವಿಗೂ ಅದರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಟ. ಅದಕ್ಕೆ ಏನೇ ಆದರೂ, ಆದ ದಿನವೇ, ಮಾಡಿದವರೇ ಬರೆದು ಸಹಿ ಹಾಕಬೇಕು.

ಉಗ್ರಾಣದ ಛಾವಣಿ ಸೋರುತ್ತಿತ್ತು. ಮಳೆಗಾಲವಿಡೀ ಬಕೆಟ್ಟುಗಳ ನಡುವೆ ಓಡಾಡುತ್ತ, ರಿಪೇರಿಗಾಗಿ ಪತ್ರದ ಮೇಲೆ ಪತ್ರ ಬರೆದು ಅವರು ಸೋತಿದ್ದರು. ಕೊನೆಗೆ ಮ್ಯೂಸಿಯಂಗಳಿಗೆ ನೆರವು ಕೊಡುವ ಒಂದು ಸಂಸ್ಥೆಯವರು ಬಂದು ನೋಡುತ್ತೇವೆಂದರು. ಅವರು ಮೆಚ್ಚಿದರೆ ಹೊಸ ಛಾವಣಿ, ಜೊತೆಗೆ ಗುತ್ತಿಗೆಯವರ ಸಂಬಳಕ್ಕೂ ದಾರಿ. ಮೆಚ್ಚದಿದ್ದರೆ ನಾನು ಮನೆಗೆ. ಅಪ್ಪ ಆಗಷ್ಟೇ ನಿವೃತ್ತರಾಗಿದ್ದರು. ನನಗೆ ಅನ್ನ ಇಳಿಯುತ್ತಿರಲಿಲ್ಲ.

ಆ ಸಂಸ್ಥೆಯ ಸಮಿತಿ ಬರುವ ಹಿಂದಿನ ದಿನ ಸ್ಟೋರ್‌ಸಾಬ್ ಏನೋ ಸಾಮಾನು ತರಲು ಸಿಕಂದರಾಬಾದಿಗೆ ಹೋಗಿದ್ದರು. ಮೇಜಿನ ಮೇಲೆ ಬಿದರಿ ಕೆಲಸದ ಹುಕ್ಕಾದ ಬುಡವಿತ್ತು. ಕರೀ ಮೈ, ಅದರ ತುಂಬ ಬೆಳ್ಳಿಯ ಬಳ್ಳಿ. ಬೆಳ್ಳಿ ಮಂಕಾಗಿದೆ ಅನ್ನಿಸಿತು. ಅಮ್ಮ ದೇವರ ಸಾಮಾನಿಗೆ ಹಚ್ಚುವ ಪಾಲಿಶ್, ಬೆಳಿಗ್ಗೆ ಅವಳಿಗೆಂದು ಕೊಂಡದ್ದು, ನನ್ನ ಚೀಲದಲ್ಲಿತ್ತು. ತಿಕ್ಕಿದೆ. ಬಟ್ಟೆ ಕಪ್ಪಾಯಿತು. ಕೊಳೆ ಬಿಡುತ್ತಿದೆ ಎಂದು ಖುಷಿಯಿಂದ ಇನ್ನಷ್ಟು ತಿಕ್ಕಿದೆ. ಒರೆಸಿ ನೋಡಿದರೆ ಅಂಗೈಯಷ್ಟು ಜಾಗ ಬೂದಿಯ ಬಣ್ಣ! ಬೀದರ್ ಕೋಟೆಯ ಮಣ್ಣಿನಿಂದ ಬಂದ ಆ ಕಪ್ಪೇ ಬಿದರಿಯ ಜೀವ. ಪರೀಕ್ಷೆಯಲ್ಲಿ ಇದರ ಬಗ್ಗೆ ಎರಡು ಪುಟ ಬರೆದು ಪಾಸಾದವಳು ನಾನು.

ನಿರ್ದೇಶಕರು ನೋಡಿ ತಲೆ ಚಚ್ಚಿಕೊಂಡರು. ಆ ಬದಿಯನ್ನು ಗೋಡೆಗೆ ತಿರುಗಿಸಿಡು, ಸಮಿತಿ ಹೋದ ಮೇಲೆ ಮತ್ತೆ ಕಪ್ಪು ಮಾಡಿಸಿದರಾಯಿತು ಎಂದರು. ಹೋದ ಜೀವ ಬಂದಂತಾಯಿತು. ತಿರುಗಿಸಿಟ್ಟೆ.

ಸಂಜೆ ಬಂದ ಸ್ಟೋರ್‌ಸಾಬ್ ಹೊಸ್ತಿಲಲ್ಲೇ ನಿಂತರು. ಮೂಗಿಗೆ ಪಾಲಿಶ್ ವಾಸನೆ ಸಿಕ್ಕಿತ್ತು.

"ಯಾರು?"

"ನಾನ್ರಿ, ಸರ್."

ಬುಡವನ್ನು ಮೆಲ್ಲಗೆ ತಿರುಗಿಸಿ ನೋಡಿದರು. ಅವರದೇ ಊರಿನ ಕೆಲಸ ಅದು. ಬೆರಳು ನಡುಗುತ್ತಿದ್ದವು. ಬೈಯಲಿಲ್ಲ. ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟು, "ಬರಿ" ಎಂದರು.

"ಬರದ್ರ ನನ್ನ ನೌಕರಿ ಹೋಗ್ತದ್ರಿ ಸರ್. ನಿಮ್ಮ ಛಾವಣಿನೂ ಹೋಗ್ತದ."

"ಹೋಗಬಹುದು," ಎಂದರು. ಒಂದು ಸಮಾಧಾನದ ಮಾತಿಲ್ಲ. ಪೆನ್ನು ನನ್ನ ಕೈಗಿಟ್ಟು ಹೇಳಿದರು: "ನೂರು ವರ್ಷ ಆದಮ್ಯಾಲ ನಿನ್ನಂಥಾಕಿ ಒಬ್ಬಾಕಿ ಇಲ್ಲಿ ಕುಂತು ಇದನ್ನ ನೋಡ್ತಾಳ. ಕರಿ ತಾನಾಗೇ ಹಿಂಗ ಹೋಗ್ತದಂತ ತಿಳೀತಾಳ. ಆಕಿಗಿ ಸುಳ್ಳು ಹೇಳಬ್ಯಾಡ, ತಂಗಿ."

ಅಳುತ್ತಲೇ ಬರೆದೆ.

ಮರುದಿನ ಸಮಿತಿಯವರು ಒಳಗೆ ಬಂದಾಗ ಬೂದು ಮಚ್ಚೆ ಎದುರಿಗೇ ಇತ್ತು. ಯಾರು ತಿರುಗಿಸಿದ್ದರೆಂದು ಕೇಳಬೇಕಾಗಿರಲಿಲ್ಲ. ಕನ್ನಡಕದ ಹೆಂಗಸೊಬ್ಬರು ಬಗ್ಗಿ ನೋಡಿ, ಇದೇನು ಎಂದು ಹಿಂದಿಯಲ್ಲಿ ಕೇಳಿದರು. ನಿರ್ದೇಶಕರ ಮುಖ ಬಿಳಿಚಿತು. ಸ್ಟೋರ್‌ಸಾಬ್ ಏನಾದರೂ ಹೇಳಿ ನನ್ನನ್ನು ಉಳಿಸಿಯಾರು ಎಂದು ಕಾದೆ. ಅವರು ನನ್ನ ಕಡೆ ನೋಡಿದರು. ನಾನೇ ಮಾಡಿದ್ದು, ತಪ್ಪು ನನ್ನದು ಎಂದು ಅದೇ ಹಿಂದಿಯಲ್ಲಿ ಹೇಳಿ ರಿಜಿಸ್ಟರ್ ತಂದುಕೊಟ್ಟೆ. ಆ ಹೆಂಗಸು ನನ್ನ ಪುಟ ಓದಿದರು. ಆಮೇಲೆ ನಿಂತಲ್ಲೇ ಹಳೆಯ ಪುಟಗಳನ್ನು ಮಗುಚುತ್ತ ಹೋದರು. ಒಂದು ಕಡೆ ತಡೆದು, ತಲೆಯೆತ್ತಿ ಸ್ಟೋರ್‌ಸಾಬರನ್ನು ನೋಡಿದರು. ಅವರು ನೆಲ ನೋಡುತ್ತಿದ್ದರು. ಯಾಕೆಂದು ನನಗೆ ತಿಳಿಯಲಿಲ್ಲ.

ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಫೋನ್ ಸದ್ದಾದಾಗಲೆಲ್ಲ ಬೆವರಿದ್ದೇನೆ. ನಿರ್ದೇಶಕರು ಮುಖ ಕೊಟ್ಟು ಮಾತಾಡಲಿಲ್ಲ, ಹೊರಗೂ ಹಾಕಲಿಲ್ಲ. ಕೊನೆಗೆ ಛಾವಣಿಗೆ ನೆರವು ಬಂತು, ನನ್ನ ಗುತ್ತಿಗೆ ಆರು ತಿಂಗಳು ಮುಂದೆ ಹೋಯಿತು. ಹೀಗೆ ಆರಾರು ತಿಂಗಳಲ್ಲೇ ಇಂದಿನವರೆಗೆ ಬಂದಿದ್ದೇನೆ.

ಹೊಸ ಛಾವಣಿಯ ಕೆಳಗೆ ಅವರು ಒಂದೇ ಮಳೆಗಾಲ ಕಂಡರು. ನಿವೃತ್ತರಾಗಿ ಬೀದರಿಗೆ ಹೋದವರು ಹೋದ ವರ್ಷ ತೀರಿಕೊಂಡರು. ಸುದ್ದಿ ಬಂದ ದಿನ ಕೆಲಸ ಸಾಗದೆ ಅವರ ರಿಜಿಸ್ಟರ್ ಮಗುಚುತ್ತ ಕುಳಿತೆ. ಅವರು ಕೆಲಸಕ್ಕೆ ಸೇರಿದ ಹೊಸತರ ಒಂದು ಪುಟ, ಚೀನೀ ತಟ್ಟೆಯದು: "ನನ್ನ ಉಂಗುರ ತಗುಲಿ ಅಂಚಿನಲ್ಲಿ ಗೀರು. ತಪ್ಪು ನನ್ನದು." ಅವರದೇ ಸಹಿ. ಮುಂದೆ ಇನ್ನೊಂದು, ಮರದ ಪೆಟ್ಟಿಗೆಯದು: "ಬೆಲ್ಟಿನ ಬಕಲ್ ತಗುಲಿ ಮುಚ್ಚಳಕ್ಕೆ ಗೀರು." ನಾವು ನಕ್ಕಿದ್ದ ಲಾಡಿಗೂ ಒಂದು ಪುಟವಿತ್ತು.

ಆ ಹೆಂಗಸು ಅಂದು ತಡೆದದ್ದು ಇಲ್ಲೇ ಇರಬೇಕು. ಅಷ್ಟು ಭಯದಲ್ಲಿದ್ದ ನನಗೆ ಅವರು ಇದನ್ನು ತೋರಿಸಿ ಒಂದು ಮಾತು ಹೇಳಬಹುದಿತ್ತು ಎಂದು ಸಿಟ್ಟು ಬಂತು, ಅಳುವೂ ಬಂತು.

ಉಗ್ರಾಣದ ಬೀಗದಕೈ ಈಗ ನನ್ನ ಹತ್ತಿರ ಇದೆ. ಬಾಗಿಲು ತೆರೆಯುವ ಮೊದಲು ಬಳೆ, ಉಂಗುರ ಬಿಚ್ಚಿಡುತ್ತೇನೆ. ಒಬ್ಬಳೇ ಇದ್ದರೂ ಜೋರಾಗಿ "ಎತ್ತಾಕತ್ತೀನಿ" ಎನ್ನುತ್ತೇನೆ. ಕೈ ಇನ್ನೂ ನಡುಗುತ್ತದೆ. ವಸ್ತು ಎತ್ತುವಾಗ ಅವರ ಕೈಯೂ ನಿವೃತ್ತರಾಗುವ ದಿನದವರೆಗೆ ನಡುಗುತ್ತಲೇ ಇತ್ತು.